ಅಜ್ಜನ ‘ನಡೆಯದ ದುಡ್ಡಿನ’ ಡಬ್ಬ

ನಮ್ಮ ಅಜ್ಜನದು ಕಾರವಾರದ ಕೋಡಿಬಾಗದಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಗಲ್ಲಾದ ಪಕ್ಕದಲ್ಲಿ ಬಿಸ್ಕೀಟಿನ ತಗಡಿನ ಡಬ್ಬವೊಂದು ಯಾವಾಗಲೂ ಇರುತ್ತಿತ್ತಂತೆ. ಸವೆದು ಚಪ್ಪಟೆಯಾದದ್ದು, ಸೊಟ್ಟಗಿರುವುದು, ಅಕ್ಷರ ಕಾಣದ್ದು, ನೋಡಿದರೆ ಖೋಟಾ ಅನ್ನಿಸುವುದು, ಇಂಥ ನಾಣ್ಯ ಸಂಜೆ ಲೆಕ್ಕ ಮಾಡುವಾಗ ಸಿಕ್ಕರೆ ಅಜ್ಜ ‘ಇದು ನಡೆಯೂದಿಲ್ಲ’ ಎಂದು ಗೊಣಗಿ ಅದರೊಳಗೆ ಎಸೆಯುತ್ತಿದ್ದರು. ಅಜ್ಜನ ನಂತರ ಅಪ್ಪನೂ ಅದೇ ಚಾಳಿ ಮುಂದುವರಿಸಿದರು. ಅಂಗಡಿ ಮುಚ್ಚಿದ ಮೇಲೆ ಡಬ್ಬ ಅಟ್ಟ ಸೇರಿತು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಸರಿಮಾಡಿಸುವಾಗ ಅದು ಕೆಳಗಿಳಿಯಿತು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದೆ. ಒಳಗೆ 214 ನಾಣ್ಯಗಳು. ಎಲ್ಲಾ ಕಪ್ಪು, ಹಸಿರು, ಜಿಡ್ಡು.

ಆಮೇಲೆ ನಾನು ಮಾಡಿದ್ದನ್ನು ಈಗ ನೆನೆದರೂ ಹೊಟ್ಟೆ ಉರಿಯುತ್ತದೆ. ಆಯಿ ಹಿಂಬದಿಯಲ್ಲಿ ಹುಣಸೆಹಣ್ಣು, ಬೂದಿ ಹಾಕಿ ದೇವರ ದೀಪ ತಿಕ್ಕುತ್ತಿದ್ದರು. ನಾನೂ ತಾಮ್ರದ ಬಣ್ಣದ ಹನ್ನೊಂದು ನಾಣ್ಯ ಆರಿಸಿಕೊಂಡು ಪಕ್ಕದಲ್ಲಿ ಕೂತೆ. ತೆಂಗಿನ ನಾರು ತಗೊಂಡು ಚೆನ್ನಾಗಿ ಉಜ್ಜಿದೆ. ಹತ್ತು ನಿಮಿಷದಲ್ಲಿ ಹನ್ನೊಂದೂ ಹೊಸ ಚೊಂಬಿನ ಹಾಗೆ ಫಳಫಳ. ಆಯಿಗೂ ಖುಷಿ, ನನಗೂ ಖುಷಿ. ಫೋಟೋ ತೆಗೆದು ಶಿರಸಿ ಮಾವನಿಗೆ ಕಳಿಸಿದೆ.

ಶಿರಸಿ ಮಾವ ಅಂದರೆ ಅಪ್ಪನ ಹಳೆಯ ಸ್ನೇಹಿತರು. ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ನಲವತ್ತು ವರ್ಷದಿಂದ ನಾಣ್ಯದ ಹುಚ್ಚು. ಎರಡು ನಿಮಿಷದಲ್ಲಿ ಫೋನ್ ಬಂತು. ‘ಹೆಂಗಿದ್ದೆ’ ಅನ್ನುವುದೂ ಇಲ್ಲ.

“ಎಂತಕ್ಕೆ ತಿಕ್ಕಿದ್ಯೇ ಕೂಸೇ?”

“ಹೊಳೀಲಿ ಅಂತ, ಮಾವ.”

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಉಳಿದಿದ್ದನ್ನ ಮುಟ್ಟಬೇಡ. ಡಬ್ಬ ಹಾಗೇ ತಗೊಂಡು ಬಾ” ಅಂದರು.

ಮುಂದಿನ ಭಾನುವಾರ ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆ. ಮಾವ ಜಗಲಿಯ ಮೇಲೆ ಹಳೆಯ ಹತ್ತಿ ಸೀರೆ ಮಡಚಿ ಹಾಸಿ ಕಾಯುತ್ತಿದ್ದರು. ಬೀಳುವ ನಾಣ್ಯಕ್ಕೆ ಪೆಟ್ಟಾಗಬಾರದಲ್ವಾ, ಅದಕ್ಕೆ. ಪಕ್ಕದಲ್ಲಿ ಚಿನ್ನದ ಅಂಗಡಿಯವರು ಕಣ್ಣಿಗೆ ಹಿಡಿಯುವಂಥ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ, ಒಂದು ಅಯಸ್ಕಾಂತ, ಒಂದು ಟೇಬಲ್ ಲ್ಯಾಂಪು. ಅಷ್ಟೇ ಅವರ ಆಯುಧಗಳು.

ಮೊದಲು ನಾನು ತಿಕ್ಕಿದ ಹನ್ನೊಂದನ್ನು ನೋಡಿದರು. ಅಂಚನ್ನು ಮಾತ್ರ ಹಿಡಿದು, ದೀಪದ ಕೆಳಗೆ ಓರೆ ಮಾಡಿ, ಒಂದೊಂದಾಗಿ. ಏಳನೆಯದಕ್ಕೆ ಬಂದಾಗ ನಿಂತರು. ಭೂತಗನ್ನಡಿ ನನ್ನ ಕೈಗೆ ಕೊಟ್ಟು ‘ನೋಡು’ ಅಂದರು.

ಅದು ಐದನೇ ಜಾರ್ಜ್ ಕಾಲದ ಕಾಲಾಣೆ. ಒಂದು ಮುಖದಲ್ಲಿ ಕಿರೀಟದ ರಾಜ ಎಡಕ್ಕೆ ನೋಡುತ್ತಿದ್ದಾನೆ. ತಿರುಗಿಸಿದರೆ ಅಲ್ಲಿಯೂ ಅದೇ ರಾಜ, ಆದರೆ ಬಲಕ್ಕೆ ನೋಡುತ್ತಿದ್ದಾನೆ. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಉಬ್ಬಿರಬೇಕಾದದ್ದೆಲ್ಲ ತಗ್ಗು. ನಾನು ತಿಕ್ಕುವಾಗ ‘ಯಾರೋ ಜಜ್ಜಿದ್ದಾರೆ’ ಅಂದುಕೊಂಡಿದ್ದೆ.

“ಇದಕ್ಕೆ ನಮ್ಮಲ್ಲಿ ಲಖಿ ಅಂತಾರೆ” ಎಂದು ಮಾವ ವಿವರಿಸಿದರು. ಟಂಕಸಾಲೆಯಲ್ಲಿ ಮೇಲೊಂದು ಅಚ್ಚು, ಕೆಳಗೊಂದು ಅಚ್ಚು. ನಡುವೆ ಬಿಲ್ಲೆ, ಅಂದರೆ ಇನ್ನೂ ಚಿತ್ರ ಮೂಡದ ಬೋಳು ಲೋಹದ ತುಂಡು, ಬಂದು ಕೂರಬೇಕು, ಪೆಟ್ಟು ಬೀಳಬೇಕು, ನಾಣ್ಯ ಹೊರಗೆ ಹಾರಬೇಕು. ಎಲ್ಲೋ ಒಮ್ಮೆ ಒಂದು ನಾಣ್ಯ ಹೊರಗೆ ಹೋಗದೆ ಅಚ್ಚಿಗೇ ಅಂಟಿಕೊಳ್ಳುತ್ತದೆ. ಮುಂದಿನ ಬಿಲ್ಲೆ ಬಂದಾಗ ಆ ಅಂಟಿಕೊಂಡ ನಾಣ್ಯವೇ ಅಚ್ಚಿನ ಕೆಲಸ ಮಾಡುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಒಂದು ಗಿಣಿ ಅಂಟಿ ಉಳಿದು, ಅದರ ಮೇಲೆಯೇ ಪಾಕ ಹೊಯ್ದ ಹಾಗೆ. ಹೊಸ ಗಿಣಿಯ ಮೈಯಲ್ಲಿ ಹಳೆಯ ಗಿಣಿಯ ಗುಳಿ ಮೂಡುತ್ತದೆ.

ಈ ಕಾಲಾಣೆಯ ಇಸವಿ ಯಾವುದು? ಹೇಳಲು ಬರುವುದಿಲ್ಲ. ಇಸವಿ ಇರುವುದು ಹಿಂದಿನ ಮುಖದಲ್ಲಿ, ಆ ಮುಖವೇ ಇದಕ್ಕಿಲ್ಲ. 1911ರಿಂದ 1936ರ ಒಳಗೆ ಎಂದಷ್ಟೇ ಹೇಳಬಹುದು. ನನಗೆ ಇದು ಬಹಳ ಹಿಡಿಸಿತು. ಎರಡು ಸಲ ರಾಜ, ಒಂದು ಸಲವೂ ವರ್ಷ ಇಲ್ಲ.

“ಯಾರಾದರೂ ಹೀಗೆ ಮಾಡಿರಬಹುದಲ್ವಾ?” ಎಂದು ಕೇಳಿದೆ. ಮಾಡುತ್ತಾರಂತೆ. ಎರಡು ನಾಣ್ಯ ಜೋಡಿಸಿ, ಬಿಗಿದು ಹಿಡಿಯುವ ಬೈಸಿನಲ್ಲಿ ಹಿಚುಕಿದರೆ ಒಂದರ ಮೈಮೇಲೆ ಇನ್ನೊಂದರ ಗುಳಿ ಬೀಳುತ್ತದೆ. ಆದರೆ ಹಾಗೆ ಹಿಚುಕುವಾಗ ಆಚೆಯ ಮುಖ ಅಪ್ಪಚ್ಚಿಯಾಗುತ್ತದೆ, ಗಲ್ಲ, ಕಿರೀಟ ಎಲ್ಲ ಮಟ್ಟಸವಾಗುತ್ತವೆ. ನಿಜವಾದ ಲಖಿಯಲ್ಲಿ ಆಚೆಯ ಮುಖ ಮಾಮೂಲಿ ನಾಣ್ಯದಷ್ಟೇ ಸ್ಪಷ್ಟ. ಅಜ್ಜನ ನಾಣ್ಯದಲ್ಲಿ ಹಾಗೇ ಇತ್ತು. ರಾಜನ ಗಡ್ಡದ ಕೂದಲೂ ಕಾಣುತ್ತಿತ್ತು. ಅದರ ಮೇಲೆ ನನ್ನ ತೆಂಗಿನ ನಾರಿನ ಗೀರುಗಳೂ ಕಾಣುತ್ತಿದ್ದವು. ಸಣ್ಣ ಸಣ್ಣವು, ಸಾವಿರ ಇದ್ದಾವು, ಎಲ್ಲಾ ಒಂದೇ ದಿಕ್ಕಿಗೆ.

ಹುಳಿ ಏನು ಮಾಡುತ್ತದೆ ಅಂದರೆ, ಕೊಳೆಯನ್ನು ಮಾತ್ರ ತೆಗೆಯುವುದಿಲ್ಲ. ತಾಮ್ರದ ಮೇಲೆ ದಶಕಗಳಿಂದ ಕೂತ ಕಂದು ಪದರವನ್ನೂ ತಿನ್ನುತ್ತದೆ. ಆ ಪದರ ಕೊಳೆ ಅಲ್ಲ, ಲೋಹದ ಚರ್ಮ. ಅದು ಹೋದ ಮೇಲೆ ಕಾಣುವ ಕಿತ್ತಳೆ ಹೊಳಪನ್ನು ಸಂಗ್ರಾಹಕರು ದೂರದಿಂದಲೇ ಗುರುತಿಸುತ್ತಾರೆ. ನಿಂಬೆ, ಮುರುಗಲು, ವಾಟೆಹುಳಿ, ಪಾತ್ರೆ ತಿಕ್ಕುವ ಪುಡಿ, ಟೂತ್‌ಪೇಸ್ಟು, ಎಲ್ಲದರದ್ದೂ ಇದೇ ಕಥೆ. ಟೂತ್‌ಪೇಸ್ಟಿನಲ್ಲಿ ಹುಳಿ ಇಲ್ಲದಿದ್ದರೂ ಉಜ್ಜುವ ಪುಡಿ ಇದೆ.

“ಮತ್ತೆ ಕಂದು ಬಣ್ಣ ಬರೂದಿಲ್ವಾ ಮಾವ?”

“ಬಣ್ಣ ಬರ್ತದೆ, ಗೀರು ಹೋಗೂದಿಲ್ಲ” ಅಂದರು. ಅಷ್ಟರಲ್ಲಿ ಅತ್ತೆ ಕಷಾಯ ತಂದರು. ಕುಡಿದೆ, ರುಚಿ ಏನೂ ಗೊತ್ತಾಗಲಿಲ್ಲ.

ಉಳಿದ 203ನ್ನು ಅವತ್ತು ಮಧ್ಯಾಹ್ನದಿಂದ ಕತ್ತಲಾಗುವವರೆಗೆ ನೋಡಿದೆವು. ಅಜ್ಜನ ಡಬ್ಬದ ವಿಶೇಷ ಇಲ್ಲಿದೆ ಎಂದು ಮಾವ ಹೇಳಿದರು. ಮಾಮೂಲಿ ಚಿಲ್ಲರೆಯಲ್ಲಿ ದೋಷದ ನಾಣ್ಯ, ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ಹುಟ್ಟಿದ್ದು, ಹುಡುಕುವುದೆಂದರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ. ಇದು ಹಾಗಲ್ಲ, ಐವತ್ತು ವರ್ಷ ಅಂಗಡಿಯವರ ಕಣ್ಣು ಸೋಸಿ ತೆಗೆದ ರಾಶಿ. ಅಜ್ಜನಿಗೆ ಬೇಡವಾದದ್ದೇ ಸಂಗ್ರಾಹಕರಿಗೆ ಬೇಕಾದದ್ದು.

ಆದರೂ ಬಹುಪಾಲು ಸುಮ್ನೆ ಹಾಳಾದವೇ. ಕೊಂಕಣ ರೈಲು ಬಂದ ಹೊಸತರಲ್ಲಿ ಹುಡುಗರು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು ಮೂರು. ಬೆಂಕಿಗೆ ಬಿದ್ದು ಕಪ್ಪಾದದ್ದು, ತಾಯಿತಕ್ಕೆ ತೂತು ಕೊರೆದದ್ದು. ಅರ್ಧ ಡಜನ್ ನಾಣ್ಯ ತೀರಾ ತೆಳ್ಳಗಿದ್ದವು. ನಾನು ‘ತೆಳು ಬಿಲ್ಲೆ’ ಎಂದು ಹಿಗ್ಗಿದೆ. ಮಾವ ತೂಗಿ, ನೋಡಿ, ಬದಿಗಿಟ್ಟರು. ಎಲ್ಲಾ ಗೆರೆಗಳೂ ಒಂದೇ ಸಮ ಮಸುಕಾಗಿ, ಅಕ್ಷರ ಬಡಕಲಾಗಿದ್ದರೆ ಅದು ಆ್ಯಸಿಡ್ಡಿನ ಕೆಲಸ.

1943ರ ಮುಂದಿನ ತೂತಿನ ಕಾಸುಗಳು ನಾಲ್ಕಿದ್ದವು. ಅವು ದೋಷ ಅಲ್ಲ. ಯುದ್ಧದ ಕಾಲದಲ್ಲಿ ಲೋಹ ಉಳಿಸಲು ನಡುವೆ ತೂತಿಟ್ಟೇ ಅಚ್ಚು ಹಾಕಿದ್ದು. ಗೋವಾದ ಎರಡು ತಂಗಾ ನಾಣ್ಯ ಸಿಕ್ಕಾಗ ಮಾವ ನಕ್ಕರು. 1961ರ ಡಿಸೆಂಬರ್‌ವರೆಗೆ ಕಾಳಿ ನದಿ ದಾಟಿ ಮಾಜಾಳಿಯ ಆಚೆ ಹೋದರೆ ಪೋರ್ಚುಗೀಸರ ಆಡಳಿತ, ಅವರದೇ ದುಡ್ಡು. ಸಂತೆಗೆ ಬಂದವರು ಯಾರೋ ಅಜ್ಜನಿಗೆ ದಾಟಿಸಿರಬೇಕು. ಅಜ್ಜ ಮೋಸಹೋದದ್ದಕ್ಕೆ ಅರವತ್ತು ವರ್ಷದ ನಂತರ ಸಾಕ್ಷಿ ಸಿಕ್ಕಿತು.

ನನ್ನ ಕಣ್ಣಿಗೆ ದೋಷ ಅನ್ನಿಸಿದ್ದು ಇನ್ನೂ ಎಷ್ಟೋ. ಒಂದು ಪೈಸೆಯಲ್ಲಿ ‘ನಯಾ’ ಎಂಬ ಪದವೇ ಇಲ್ಲ ಎಂದೆ. 1957ರಲ್ಲಿ ಬಂದ ‘ನಯಾ ಪೈಸೆ’ಯಿಂದ 1964ರಲ್ಲಿ ಸರ್ಕಾರವೇ ಆ ಪದ ತೆಗೆದದ್ದು. ಇಸವಿಯ ಕೆಳಗೆ ಕೆಲವಕ್ಕೆ ಚುಕ್ಕೆ, ಕೆಲವಕ್ಕೆ ನಕ್ಷತ್ರ, ಕೆಲವಕ್ಕೆ ಏನೂ ಇಲ್ಲ ಎಂದೆ. ಅದು ಟಂಕಸಾಲೆಯ ಗುರುತು. ನಕ್ಷತ್ರ ಹೈದರಾಬಾದು, ವಜ್ರದ ಆಕಾರ ಮುಂಬೈ, ದುಂಡು ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದು ರೂಪಾಯಿಯ ಅಕ್ಷರಗಳು ಜೋಡಿಯಾಗಿ ಕಾಣುತ್ತಿದ್ದವು. ಅಚ್ಚು ಹೊಡೆಯುವ ಕ್ಷಣದಲ್ಲಿ ಒಂಚೂರು ಅಲ್ಲಾಡಿದರೆ ಹಾಗೆ ಮೆಟ್ಟಿಲಿನ ಹಾಗೆ ಚಪ್ಪಟೆ ನೆರಳು ಬೀಳುತ್ತದಂತೆ. ನಮ್ಮ ನಾಣ್ಯಗಳಲ್ಲಿ ಬೇಕಾದಷ್ಟಿದೆ, ಬೆಲೆ ಏನೂ ಇಲ್ಲ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಉಬ್ಬು–ತಗ್ಗಿನ ಲೆಕ್ಕ. ನಾಣ್ಯದ ಮೇಲೆ ಅಡ್ಡಾದಿಡ್ಡಿ ಗೆರೆ ಇದೆ ಅಂದುಕೊಳ್ಳಿ. ಅದು ತಗ್ಗಾಗಿದ್ದರೆ ಯಾರೋ ಗೀರಿದ್ದು. ಉಬ್ಬಿದ್ದರೆ ಅಚ್ಚೇ ಬಿರುಕು ಬಿಟ್ಟಿತ್ತು, ಆ ಬಿರುಕಿನೊಳಗೆ ಲೋಹ ನುಗ್ಗಿದೆ ಎಂದರ್ಥ. ಗೀರಿ ಉಬ್ಬು ಮಾಡಲು ಯಾರಿಗೂ ಆಗುವುದಿಲ್ಲ. ಉಗುರಿನಿಂದ ತಡವಿ ನೋಡಬೇಡಿ ಮತ್ತೆ, ದೀಪವನ್ನು ಸುತ್ತ ತಿರುಗಿಸಿದರೆ ನೆರಳೇ ಹೇಳುತ್ತದೆ.

ಕೊನೆಗೆ ನಿಜವಾದ ದೋಷ ಎಂದು ಉಳಿದದ್ದು, ಲಖಿಯನ್ನೂ ಸೇರಿಸಿ, ಆರು. ಮೂರು ‘ತಿರುಗಿದ ಅಚ್ಚು’. ನಮ್ಮ ನಾಣ್ಯವನ್ನು ಮೇಲೆ ಕೆಳಗೆ ಎರಡು ಬೆರಳಲ್ಲಿ ಹಿಡಿದು ಪುಟ ತಿರುವಿದ ಹಾಗೆ ತಿರುಗಿಸಿದರೆ ಹಿಂದಿನ ಚಿತ್ರವೂ ನೆಟ್ಟಗೇ ಕಾಣಬೇಕು. ಈ ಮೂರರಲ್ಲಿ ಒಂದು ಓರೆ, ಒಂದು ಪೂರ್ತಿ ಅಡ್ಡ, ಒಂದು ತಲೆಕೆಳಗು. ಸ್ವಲ್ಪ ಓರೆ ಇದ್ದರೆ ಯಾರೂ ಕೇಳುವುದಿಲ್ಲ, ತಲೆಕೆಳಗಾದರೆ ಮಾತ್ರ ಕೇಳುತ್ತಾರೆ. ನಾಲ್ಕನೆಯದು ಸ್ಟೀಲಿನ 10 ಪೈಸೆ. ಬಿಲ್ಲೆ ಸರಿಯಾಗಿ ಕೂರದೆ ಚಿತ್ರವೆಲ್ಲ ಒಂದು ಬದಿಗೆ ಸರಿದು, ಇನ್ನೊಂದು ಬದಿ ಅರ್ಧಚಂದ್ರದಷ್ಟು ಖಾಲಿ.

ಐದನೆಯದು ಘೇಂಡಾಮೃಗದ 25 ಪೈಸೆ. ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ದುಂಡಗೆ ಒಂದು ತುಂಡು ಇಲ್ಲ. 2.83 ಗ್ರಾಂ ತೂಗಬೇಕಾದದ್ದು 2.61 ತೂಗಿತು. ಲೋಹದ ಹಾಳೆಯಿಂದ ಬಿಲ್ಲೆ ಕತ್ತರಿಸುವಾಗ ಹಾಳೆ ಸಾಕಷ್ಟು ಮುಂದೆ ಸರಿಯದಿದ್ದರೆ, ಮೊದಲೇ ಕತ್ತರಿಸಿದ ತೂತಿನ ಮೇಲೆ ಮತ್ತೆ ಕತ್ತರಿ ಬೀಳುತ್ತದೆ. ಆಗ ಹೀಗಾಗುತ್ತದೆ. ಮನೆಯಲ್ಲಿ ಅರದಿಂದ ಉಜ್ಜಿಯೂ ಮಾಡಬಹುದು. ಪರೀಕ್ಷೆ ಮಾತ್ರ ಚಂದ. ತುಂಡು ಹೋದ ಜಾಗದ ಸರೀ ಎದುರಿನ ಅಂಚು ನೋಡಬೇಕು. ಬಿಲ್ಲೆಯ ಅಂಚನ್ನು ಒತ್ತಿ ಎಬ್ಬಿಸುವಾಗ ಈ ಬದಿಯಲ್ಲಿ ಲೋಹವೇ ಇಲ್ಲದ್ದರಿಂದ ಆ ಬದಿಗೂ ಒತ್ತಡ ಸಿಗುವುದಿಲ್ಲ, ಅಲ್ಲಿ ಅಂಚು ಪೇಲವವಾಗುತ್ತದೆ. ಅರ ಹಿಡಿದವನಿಗೆ ಎದುರಿನ ಅಂಚಿನ ನೆನಪು ಎಲ್ಲಿ ಇರುತ್ತದೆ!

ಇನ್ನು ತೊಳೆಯುವ ವಿಷಯ. ಮಾವ ಒಂದೇ ಪ್ರಶ್ನೆ ಕೇಳಿದರು: ತೊಳೆಯದಿದ್ದರೆ ಈ ನಾಣ್ಯಕ್ಕೆ ತೊಂದರೆ ಇದೆಯಾ? ಇಲ್ಲ ಅಂದರೆ ಬಿಟ್ಟುಬಿಡು. ಬೆಳ್ಳಿ ರೂಪಾಯಿ ಒಂದರ ಸುತ್ತ ನೀಲಿ, ಕಂದು ಬಣ್ಣದ ಬಳೆ ಮೂಡಿತ್ತು. ಗಂಧಕದ ಅಂಶ ತಾಗಿ ಬೆಳ್ಳಿಗೆ ಬರುವ ಬಣ್ಣ ಅದು. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರು ಹಾಕಿದರೆ ಬೆಳ್ಳಗಾಗುತ್ತದೆ ಎಂದು ವಿಡಿಯೋದಲ್ಲಿ ನೋಡಿದ್ದೆ. ಆಗುತ್ತದೆ ನಿಜ, ಆದರೆ ಜೀವ ಇಲ್ಲದ ಸುಣ್ಣದ ಬಿಳುಪು. ಆ ಬಳೆ ಇಷ್ಟಪಟ್ಟು ಕೊಳ್ಳುವವರೇ ಇದ್ದಾರೆ. ಬಿಟ್ಟೆವು.

ತೊಂದರೆ ಇದ್ದದ್ದು ಎರಡು ತರದವಕ್ಕೆ. ಅಪ್ಪ ಒಂದಷ್ಟನ್ನು ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೆಲ್ಲೋಟೇಪ್ ಸುತ್ತಿದ್ದರು. ಪಿವಿಸಿ ಪ್ಲಾಸ್ಟಿಕ್ಕು ವರ್ಷಗಳ ನಂತರ ಬೆವರುತ್ತದೆ, ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ಅದಕ್ಕೆ ಶುದ್ಧ ಅಸಿಟೋನ್. ಉಗುರಿನ ಬಣ್ಣ ತೆಗೆಯುವ ದ್ರವ ಅಲ್ಲ, ಅದರಲ್ಲಿ ಎಣ್ಣೆ, ಬಣ್ಣ, ಪರಿಮಳ ಸೇರಿರುತ್ತದೆ. ಕಾರವಾರಕ್ಕೆ ಬಂದು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳತಿಯ ಮೂಲಕ ತರಿಸಿಕೊಂಡೆ. ಗಾಜಿನ ಬಟ್ಟಲು, ತೆರೆದ ಕಿಟಕಿ, ಗ್ಯಾಸ್ ಒಲೆ ಬಂದ್, ದೇವರ ದೀಪವೂ ಬಂದ್. ಅದು ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಟ್ಟಲಾದರೆ ಬಟ್ಟಲೇ ಕರಗಬಹುದು. ಹತ್ತು ನಿಮಿಷ ಮುಳುಗಿಸಿ, ಹತ್ತಿ ಸುತ್ತಿದ ಕಡ್ಡಿಯನ್ನು ಒತ್ತದೆ ಹೊರಳಿಸಿ ತೆಗೆದು, ಮತ್ತೊಂದು ಬಟ್ಟಲಿನ ಹೊಸ ಅಸಿಟೋನಿನಲ್ಲಿ ಅದ್ದಿದೆ. ಹಸಿರು ಹೋಯಿತು. ಲೋಹಕ್ಕೆ ಏನೂ ಆಗಲಿಲ್ಲ. ಅದು ಅಂಟನ್ನಷ್ಟೇ ಕರಗಿಸುತ್ತದೆ, ಬಣ್ಣ ಕಟ್ಟಿದ ಪದರವನ್ನು ಮುಟ್ಟುವುದಿಲ್ಲ.

ಇನ್ನೊಂದು ನಮ್ಮ ಕರಾವಳಿಯ ರೋಗ. ಮೂರು ಕಂಚಿನ ನಾಣ್ಯಗಳ ಮೇಲೆ ತಿಳಿ ಹಸಿರು ಪುಡಿ ಇತ್ತು. ಹಳೆಯ ಕಂಚಿನ ಮೇಲಿನ ಗಟ್ಟಿ, ನುಣುಪು, ಕಡು ಹಸಿರಿನಿಂದ ಭಯ ಇಲ್ಲ. ಹಲ್ಲುಕಡ್ಡಿ ತಾಗಿಸಿದರೆ ಉದುರುವ ಪುಡಿ ಬೇರೆ. ಸಮುದ್ರದ ಗಾಳಿಯ ಉಪ್ಪು ಲೋಹದೊಳಗೆ ಸೇರಿ, ಮಳೆಗಾಲದ ತೇವ ಸಿಕ್ಕಿದಾಗಲೆಲ್ಲ ಆ್ಯಸಿಡ್ ಹುಟ್ಟಿಸಿ, ತಾಮ್ರವನ್ನು ಒಳಗೊಳಗೇ ತಿನ್ನುತ್ತದೆ. ಒರೆಸಿದರೆ ವಾರದಲ್ಲಿ ಮತ್ತೆ ಹಾಜರು. ಉಪ್ಪು ಇಳಿಯಬೇಕು, ಬೇರೆ ದಾರಿ ಇಲ್ಲ.

ಅದಕ್ಕೆ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ನಮ್ಮ ಬಾವಿ ನೀರು ಬೇಸಿಗೆಯಲ್ಲಿ ಉಪ್ಪುಪ್ಪು. ಗ್ಯಾರೇಜಿನ ಪಕ್ಕದ ಅಂಗಡಿಯಲ್ಲಿ ಬ್ಯಾಟರಿಗೆ ಹಾಕುವ ನೀರು ಕೇಳಿದೆ. ಹುಡುಗ ಕೊಟ್ಟದ್ದು ಬ್ಯಾಟರಿ ಆ್ಯಸಿಡ್! ಲೇಬಲ್ ಓದಿದ್ದರಿಂದ ಬಚಾವು. ಸರಿಯಾದ ಕ್ಯಾನ್ ತಂದು, ಮೂರನ್ನೂ ಬೇರೆ ಬೇರೆ ಗಾಜಿನ ಲೋಟದಲ್ಲಿ ಮುಳುಗಿಸಿ, ದಿನಾ ನೀರು ಬದಲಾಯಿಸಿದೆ. ಆರು ವಾರ. ಆಯಿ ಒಂದು ದಿನ ‘ಇದಕ್ಕೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಬಾರದಾ?’ ಅಂದರು. ಎಣ್ಣೆ ಹಳತಾದಂತೆ ಹುಳಿಯಾಗುತ್ತದೆ, ಧೂಳು ಹಿಡಿಯುತ್ತದೆ ಎಂದು ಮಾವ ಮೊದಲೇ ಹೇಳಿದ್ದರು. ಆರು ವಾರದ ನಂತರ ಬಟ್ಟೆಯ ಮೇಲಿಟ್ಟು ಮೆಲ್ಲಗೆ ಒತ್ತಿ ನೀರು ತೆಗೆದೆ, ಒರೆಸಲಿಲ್ಲ. ಎರಡು ನಾಣ್ಯ ಸುಮ್ಮನಾಗಿವೆ. ಮೂರನೆಯದರಲ್ಲಿ ಆಗಸ್ಟಿನಲ್ಲಿ ಮತ್ತೆ ಪುಡಿ ಎದ್ದಿತು, ಈಗ ಎರಡನೇ ಸುತ್ತಿನ ಸ್ನಾನದಲ್ಲಿದೆ.

ಅಲ್ಯೂಮಿನಿಯಂ ಪೈಸೆಗಳನ್ನು ಮಾತ್ರ ಯಾವುದರಲ್ಲೂ ನೆನೆಸಿಡಲು ಮಾವ ಬಿಡಲಿಲ್ಲ. ಹುಳಿಯೂ ಆಗದು, ಬಟ್ಟೆ ಸೋಡಾವೂ ಆಗದು, ಎರಡೂ ಅದನ್ನು ತಿನ್ನುತ್ತವೆ.

ಈಗ ಒಳ್ಳೆಯವೆಲ್ಲ ಕಿಟಕಿಯಂಥ ತೂತಿರುವ ರಟ್ಟಿನ ಹೋಲ್ಡರಿನಲ್ಲಿವೆ, ಅದರ ಹಾಳೆ ಪಿವಿಸಿ ಅಲ್ಲ ಎಂದು ಕೇಳಿಯೇ ತಂದದ್ದು. ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇದೆ. ಜುಲೈಯಲ್ಲಿ ನಾಲ್ಕೇ ದಿನಕ್ಕೆ ನೀಲಿ ಹರಳು ಗುಲಾಬಿ ಆಯಿತು. ಬಿಸಿ ಮಾಡಿ ಮತ್ತೆ ನೀಲಿ ಮಾಡಬೇಕು.

ನಡುವೆ ಒಂದು ತಮಾಷೆ. ತಲೆಕೆಳಗಾದ ನಾಣ್ಯದ ಫೋಟೋವನ್ನು ಅಣ್ಣನ ಮಗ ಎಲ್ಲೋ ಹಾಕಿದ್ದ. ಯಾರೋ ಫೋನ್ ಮಾಡಿ ಐದು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅಂದರು. ರಿಸರ್ವ್ ಬ್ಯಾಂಕಿನ ಪತ್ರ ಅಂತ ಮುದ್ರೆ ಹಾಕಿದ್ದನ್ನೂ ಕಳಿಸಿದರು. ತನ್ನ ಹೆಸರಲ್ಲಿ ಹೀಗೆ ಹಳೆಯ ನಾಣ್ಯಕ್ಕೆ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ಹುಡುಗನಿಗೆ ಅದನ್ನು ತೋರಿಸಿದೆ. ಅವನ ಮುಖ ಸಪ್ಪಗಾಯಿತು, ಬೈಕಿನ ಬಣ್ಣ ಕೂಡ ಆರಿಸಿಟ್ಟಿದ್ದ.

ಲಖಿಗೆ ನಿಜವಾದ ಬೆಲೆ ಎಷ್ಟು ಎಂದು ಮಾವನಿಗೆ ಪರಿಚಯದ ವ್ಯಾಪಾರಿಯನ್ನು ಕೇಳಿದೆವು. ಅವರು ನಾಣ್ಯವನ್ನು ಒಮ್ಮೆ ಬೆಳಕಿಗೆ ಹಿಡಿದು, “ತೊಳೆದದ್ದು ಯಾರು?” ಅಂದರು. ಮಾವ ನನ್ನ ಕಡೆ ನೋಡದೆ “ಗೊತ್ತಿಲ್ಲ, ಹಾಗೇ ಸಿಕ್ಕಿದ್ದು” ಅಂದರು. ಮಾರಲಿಲ್ಲ.

ಹೋದ ವಾರ ಮೀನು ಪೇಟೆಯಲ್ಲಿ ಬಂಗಡೆ ತಗೊಂಡೆ. ಚಿಲ್ಲರೆ ಕೊಡುವಾಗ ಆಕೆ ಒಂದು ಹತ್ತು ರೂಪಾಯಿ ನಾಣ್ಯವನ್ನು ಬದಿಗಿಟ್ಟು, “ಇದು ಯಾರೂ ತಗೊಳ್ಳೂದಿಲ್ಲ ಬಾಯಿ, ನಕಲಿ ಅಂತಾರೆ” ಅಂದಳು. ನಾನೇ ಇಸ್ಕೊಂಡೆ. ಮನೆಗೆ ಬಂದು ತೂಗಿದೆ, ತಿರುಗಿಸಿದೆ, ಭೂತಗನ್ನಡಿ ಹಿಡಿದೆ. ನಡುವಿನ ಬಿಲ್ಲೆ ಸರಿಯಾಗಿ ನಡುವೆಯೇ ಇದೆ. ಅಚ್ಚು ನೆಟ್ಟಗಿದೆ. ತೂಕ ಸರಿ. ಹತ್ತು ರೂಪಾಯಿಯ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿದೆ, ಇದು ಅದರಲ್ಲೊಂದು. ಏನೂ ದೋಷ ಇಲ್ಲದ ಅಪ್ಪಟ ಮಾಮೂಲಿ ನಾಣ್ಯ.

ಆದರೂ ಅಜ್ಜನ ಡಬ್ಬಕ್ಕೇ ಹಾಕಿದೆ. ನಡೆಯದ ದುಡ್ಡು ತಾನೇ.